ಯಾರ ಪಾಳಿಗೂ ಬರದ ತಿಂಗಳು

ನಮ್ಮ ಮನೆ ಎರಡಾದಾಗ ಬರೆಸಿದ ವಾಟ್ನಿ ಪತ್ರ, ಅಂದರೆ ಆಸ್ತಿ ಪಾಲಿನ ಕಾಗದ, ನನಗೆ ಈಗಲೂ ಬಾಯಿಪಾಠ ಇದೆ. ಓದಿ ಕಲಿತದ್ದಲ್ಲ. ಆ ಕಾಲಕ್ಕೆ ಇರಕಲ್ಲಗಡದ ಸುತ್ತಿನ ನಮ್ಮಂಥ ಹಳ್ಳಿಗಳಲ್ಲಿ ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವವರು ಯಾರಿದ್ದರು? ಕೇಳಿ ಕೇಳಿ ಕಲಿತದ್ದು. ಒಂದು ಬಿಂದಿಗೆ ನೀರಿನ ತಕರಾರು ಬಂದರೂ ಸಾಕು, ದೊಡ್ಡಪ್ಪ ಪೆಟ್ಟಿಗೆಯಿಂದ ಆ ಕಾಗದ ತೆಗೆದು, ಅಕ್ಷರ ಬಲ್ಲವರನ್ನು ಕರೆಸಿ, ಅಂಗಳದಲ್ಲಿ ಗಟ್ಟಿಯಾಗಿ ಓದಿಸುತ್ತಿದ್ದ. ಬೇರೆ ಮನೆಯ ಮಕ್ಕಳು ಹಾಡು ಕಲಿತರು, ನಾವು ಷರತ್ತಿನ ಕಲಮು ಕಲಿತೆವು.

ಅದು ನಿಜಾಮರ ಕಾಲದ ಕೊನೆಯ ವರ್ಷಗಳು. ನನಗೆ ಒಂಬತ್ತೋ ಹತ್ತೋ ವಯಸ್ಸು. ಅಪ್ಪ ಮತ್ತು ದೊಡ್ಡಪ್ಪ ಯಾತಕ್ಕೆ ಬೇರೆಯಾದರು ಎಂಬುದು ಈಗ ನನಗೆ ನೆನಪಿಲ್ಲ. ಅವರಿಗೂ ಕೊನೆಗೆ ನೆನಪಿರಲಿಲ್ಲವೆಂದು ನನ್ನ ಅನುಮಾನ. ನೆನಪಿರುವುದು ಕಾಗದ ಬರೆದ ದಿನ. ಅಂಗಳದ ನಡುವೆ ದೊಡ್ಡದೊಂದು ಬೇವಿನ ಗಿಡ, ನಮ್ಮ ಕಡೆ ಮರಕ್ಕೂ ಗಿಡವೆಂದೇ ಅನ್ನುವುದು, ಅದರ ಸುತ್ತ ಕಲ್ಲಿನ ಕಟ್ಟೆ. ಆ ಕಟ್ಟೆಯ ಮೇಲೆ ಊರಿನ ಪಂಚರು ಕೂತಿದ್ದರು. ಊರ ಲೆಕ್ಕ ಬರೆಯುವ ಪಟವಾರಿ ಛಾಪಾ ಕಾಗದ ಬಿಚ್ಚಿಕೊಂಡಿದ್ದ. ಕಾಗದದ ತಲೆಯ ಮೇಲೆ ಉರ್ದುವಿನಲ್ಲಿ ಏನೇನೋ ಇತ್ತು. ಅದನ್ನು ಓದಬಲ್ಲವರು ಅಲ್ಲಿ ಯಾರೂ ಇರಲಿಲ್ಲ, ಆದರೆ ಅದನ್ನು ನೋಡಿದರೆ ಎಲ್ಲರಿಗೂ ಭಯ ಭಕ್ತಿ ಎರಡೂ ಬರುತ್ತಿದ್ದವು.

ಒಂದೊಂದೇ ಕಲಮು ಬಂತು. ಹೊಲ ಇಷ್ಟಿಷ್ಟು. ಮೂಡಲ ದಿಕ್ಕಿನ ಮನೆ ದೊಡ್ಡಪ್ಪನದು, ಪಡುವಲದ್ದು ನಮ್ಮದು. ಬಾವಿಗೆ ಮುಂಜಾನೆ ಅವರು, ಸಂಜೆ ನಾವು. ಎತ್ತುಗಳಲ್ಲಿ ಬಿಳಿಯದು ಅವರಿಗೆ, ಕಂದು ನಮಗೆ. ಬೇವಿನ ಗಿಡದ ಹತ್ತಿರ ಬಂದಾಗ ಪಟವಾರಿ ಗಂಟಲು ಸರಿ ಮಾಡಿಕೊಂಡು ಓದಿದ: "ಬೇವಿನ ಗಿಡ, ಅದರ ಕಟ್ಟೆ, ನಡುವಿನ ಅಂಗಳ ಇವು ಇಬ್ಬರಿಗೂ ಸೇರಿದವು. ಒಬ್ಬರು ಬಳಸಿದರೆ ಇನ್ನೊಬ್ಬರು ತಡೆಯತಕ್ಕದ್ದಲ್ಲ."

ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅವಳು ಬಾಗಿಲ ಹತ್ತಿರ ಜೋಳ ಹಸನು ಮಾಡುತ್ತ ಕೂತಿದ್ದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಮೊರ ಕೆಳಗಿಟ್ಟು ಅವಳೇ ಕೇಳಿದಳು.

"ನನ್ನ ಎಲ್ಲಿ ಬರದೀರಪಾ? ಎತ್ತಿನ ಮುಂದೋ, ಹಿಂದೋ?"

ಪಟವಾರಿ ಮುಖ ಸಣ್ಣ ಮಾಡಿದ. "ಹಿಂದ ಬರ್ತೀರಿ, ಅವ್ವಾರ. ಕಡೀ ಕಲಮು ನಿಮ್ಮದು."

"ಛಲೋ ಆತು. ಎತ್ತು ದುಡೀತಾವ, ಮುಂದ ಇರ್ಲಿ," ಎಂದು ಆಯಿ ಮತ್ತೆ ಮೊರ ಎತ್ತಿಕೊಂಡಳು.

ಪಂಚರು ನಕ್ಕರು. ಅಪ್ಪ, ದೊಡ್ಡಪ್ಪ ಇಬ್ಬರೂ ನಗಲಿಲ್ಲ.

ಕಡೆಯ ಕಲಮು ಹೀಗಿತ್ತು: ಆಯಿ ಒಂದು ತಿಂಗಳು ದೊಡ್ಡ ಮಗನ ಮನೆಯಲ್ಲಿ, ಒಂದು ತಿಂಗಳು ಸಣ್ಣ ಮಗನ ಮನೆಯಲ್ಲಿ ಉಣ್ಣಬೇಕು. ಇಷ್ಟೇ ಬರೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ದೊಡ್ಡಪ್ಪ ಬಿಗಿ ಮನುಷ್ಯ. "ತಿಂಗಳ ಹೆಸರು ಹಾಕ್ರಿ, ನಾಳೆ ತಕರಾರು ಆಗಬಾರ್ದು," ಎಂದು ಪಟ್ಟು ಹಿಡಿದ. ಪಟವಾರಿ ಸರಕಾರಿ ತಿಂಗಳು ಹಾಕೋಣ ಎಂದ. ನಿಜಾಮರ ಕಚೇರಿಯಲ್ಲಿ ಆಜೂರ್, ದೈ, ಬಹಮನ್ ಎಂದು ಬೇರೆಯದೇ ತಿಂಗಳುಗಳಿದ್ದವು.

"ಅವು ಯಾರಿಗೆ ಗೊತ್ತರಿ?" ಎಂದರು ಪಂಚರಲ್ಲಿ ಹಿರಿಯರು. "ಮುದುಕಿ ಬಹಮನ್ ನೋಡಿ ರೊಟ್ಟಿ ತಿಂತಾಳೇನು? ನಮ್ಮ ತಿಂಗಳಾ ಬರೀರಿ."

ಹಾಗೆ ಚೈತ್ರ ದೊಡ್ಡವನದು, ವೈಶಾಖ ಸಣ್ಣವನದು, ಜ್ಯೇಷ್ಠ ದೊಡ್ಡವನದು ಎಂದು ಫಾಲ್ಗುಣದವರೆಗೂ ಬರೆದರು. ಅದರ ಕೆಳಗೆ ದೊಡ್ಡಪ್ಪ ಇನ್ನೊಂದು ಸಾಲು ಸೇರಿಸಿದ. ಯಾರ ಪಾಳಿಯಲ್ಲಿ ಮುದುಕಿಯ ಕಾಲ ತೀರುವುದೋ ಅವರೇ ಮಣ್ಣು, ದಿನಕರ್ಮ ಮಾಡತಕ್ಕದ್ದು, ಇನ್ನೊಬ್ಬರಿಗೆ ಸಂಬಂಧವಿಲ್ಲ. ಹೆತ್ತ ತಾಯಿಯ ಎದುರೇ ಇದನ್ನು ಬರೆಸಿದ ಮನುಷ್ಯನ ಮೇಲೆ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಅವನು ಕೊಪ್ಪಳದ ಸಂತೆಯಿಂದ ತಂದ ಬೆಂಡು ಬತ್ತಾಸನ್ನು ಎಷ್ಟೋ ದಿನ ನಾನು ಮುಟ್ಟಲಿಲ್ಲ. ಆಯಿ ಮಾತ್ರ ಕಾಳಿನಲ್ಲಿ ಕಲ್ಲು ಹುಡುಕುತ್ತಲೇ ಇದ್ದಳು.

ಅಮಾವಾಸ್ಯೆ ಕಳೆದ ಮರುದಿನ ಮುಂಜಾನೆ ಆಯಿ ಅಂಗಳ ದಾಟುತ್ತಿದ್ದಳು. ಒಂದು ಕೈಯಲ್ಲಿ ಉಣ್ಣುವ ಹಿತ್ತಾಳೆಯ ಗಂಗಾಳ, ಅದರೊಳಗೆ ತಂಬಿಗೆ, ಇನ್ನೊಂದು ಕಂಕುಳಲ್ಲಿ ಕೌದಿ. ನಾಲ್ಕು ಹೆಜ್ಜೆಯ ಅಂಗಳ. ಆದರೆ ಅವಳು ಆ ಕಡೆ ಹೋದ ತಿಂಗಳು ನಮಗೆ ಅವಳು ಯಲಬುರ್ಗಿಯಲ್ಲಿ ಇದ್ದಷ್ಟೇ ದೂರ. ಕಥೆ ಕೇಳಲು ನಾನು ಆ ಕಡೆ ಹೆಜ್ಜೆ ಇಟ್ಟರೆ ಅವ್ವ ಕರೆದುಬಿಡುತ್ತಿದ್ದಳು: "ಈ ತಿಂಗಳು ಅವರ ಪಾಳಿ. ಬಾ ಇಲ್ಲಿ." ಅವಳು ಈ ಕಡೆ ಬಂದ ತಿಂಗಳು ದೊಡ್ಡಪ್ಪನ ಮಗಳು, ನನಗಿಂತ ಎರಡು ವರ್ಷಕ್ಕೆ ದೊಡ್ಡವಳಾದ ಅಕ್ಕ, ತಮ್ಮ ಹೊಸ್ತಿಲಲ್ಲಿ ನಿಂತು ಮುಖ ಉಬ್ಬಿಸುತ್ತಿದ್ದಳು. ಕಿನ್ನಾಳದಿಂದ ಆಯಿ ತಂದುಕೊಟ್ಟಿದ್ದ ಕೆಂಪು ಬಣ್ಣದ ಕಟ್ಟಿಗೆಯ ಬೊಂಬೆ ನಮ್ಮಿಬ್ಬರ ನಡುವೆ ಒಂದೇ ಇತ್ತು. ಹಿರಿಯರನ್ನು ನೋಡಿ ನಾವೂ ಕರಾರು ಮಾಡಿಕೊಂಡೆವು. ಬೊಂಬೆ ಆಯಿಯ ಕೂಡ ಹೋಗಬೇಕು, ಆಯಿಯ ಕೂಡ ಬರಬೇಕು. ಗಂಗಾಳದಲ್ಲಿ ತಂಬಿಗೆಯ ಪಕ್ಕ ಕೂತು ಅದು ಅಂಗಳ ದಾಟುತ್ತಿತ್ತು.

ಮರು ವರ್ಷದ ಯುಗಾದಿಗೆ ಮಠದ ಅಯ್ಯನವರು ಕಟ್ಟೆಯ ಮೇಲೆ ಪಂಚಾಂಗ ಓದಿದರು. ಮಳೆ ಇಷ್ಟು, ಬೆಳೆ ಇಷ್ಟು ಎಂದು ಹೇಳಿ, ಈ ವರ್ಷ ಅಧಿಕ ಜ್ಯೇಷ್ಠ ಎಂದರು. ಎಲ್ಲರೂ ತಲೆಯಾಡಿಸಿ ಬೇವು ಬೆಲ್ಲ ತಿಂದರು. ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಹೆಚ್ಚಿಗೆ ಬರುವುದು ಯಾರಿಗೆ ಗೊತ್ತಿಲ್ಲ? ಕಾಗದ ಬರೆದ ದಿನ ಒಬ್ಬರಿಗೂ ಅದು ಹೊಳೆಯಲಿಲ್ಲ ಅಷ್ಟೇ. ಬಹಮನ್ ಬರೆದಿದ್ದರೆ ಈ ತೊಡಕು ಬರುತ್ತಿರಲಿಲ್ಲ, ಆ ತಿಂಗಳುಗಳಿಗೆ ಅಧಿಕ ಎಂಬುದು ಇಲ್ಲ. ನಮ್ಮ ತಿಂಗಳೇ ಬೇಕೆಂದವರು ನಮ್ಮ ತಿಂಗಳನ್ನೇ ಮರೆತರು.

ವೈಶಾಖದ ಅಮಾವಾಸ್ಯೆ ಕಳೆಯಿತು. ಮುಂಜಾನೆ ಆಯಿ ಎಂದಿನಂತೆ ಗಂಗಾಳ ಹಿಡಿದು ದೊಡ್ಡಪ್ಪನ ಹೊಸ್ತಿಲಿಗೆ ಹೋದಳು. ದೊಡ್ಡವ್ವ ಒಳಗೆ ಕರೆಯಲಿಲ್ಲ, ಹೋಗೆಂದೂ ಅನ್ನಲಿಲ್ಲ. ದೊಡ್ಡಪ್ಪ ಹೊರಗೆ ಬಂದ.

"ಯವ್ವಾ, ನಮ್ಮ ಜ್ಯೇಷ್ಠ ಇನ್ನ ಬಂದಿಲ್ಲ. ಇದು ಅಧಿಕ. ನಮ್ಮ ಕಲಮಿನ್ಯಾಗ ಅಧಿಕ ಇಲ್ಲ."

ಆಯಿ ತಿರುಗಿ ನಮ್ಮ ಬಾಗಿಲ ಕಡೆ ನೋಡಿದಳು. ಅಪ್ಪ ಬಾಗಿಲಲ್ಲೇ ನಿಂತಿದ್ದ. "ವೈಶಾಖ ಮುಗೀತಲ್ಲ, ಯವ್ವಾ. ಅಧಿಕ ಅಂದರ ಏನು, ಅದೂ ಜ್ಯೇಷ್ಠನ. ಅದು ಅಣ್ಣನ ಪಾಳಿ."

ಅವರಿಬ್ಬರೂ ಕೆಟ್ಟವರಲ್ಲ ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಯುದ್ಧದ ತುಟ್ಟಿಯ ಕಾಲವಾದರೂ ಮುದುಕಿಯ ಎರಡು ರೊಟ್ಟಿಗೆ ಯಾರ ಮನೆಯೂ ಬಡವಾಗುತ್ತಿರಲಿಲ್ಲ. ಒಮ್ಮೆ ಬಿಟ್ಟುಕೊಟ್ಟರೆ ಅದೇ ರೂಢಿಯಾಗುತ್ತದೆ, ನಾಳೆ ಬಾವಿಯನ್ನೂ ಕೇಳುತ್ತಾರೆ, ನಾಡಿದ್ದು ಅಂಗಳವನ್ನೂ ಕೇಳುತ್ತಾರೆ ಎಂಬ ಹೆದರಿಕೆ ಇಬ್ಬರಿಗೂ ಇತ್ತು. ಕಲಮು ಎಂಬುದು ಹೀಗೆಯೇ. ಜಗಳ ಬಿಡಿಸಲು ಬರುತ್ತದೆ, ಆಮೇಲೆ ಜಗಳಕ್ಕೆ ತಾನೇ ಮನೆ ಕಟ್ಟಿಕೊಡುತ್ತದೆ. ಆದರೆ ಎರಡು ಬಾಗಿಲುಗಳ ನಡುವೆ ಆಯಿ ಖಾಲಿ ಗಂಗಾಳ ಹಿಡಿದು ನಿಂತಿದ್ದಳು.

ಪಂಚರನ್ನು ಕರೆಸಿದರು. ಅವರು ಬಂದು, ಪಟವಾರಿಯಿಂದ ಕಾಗದ ಓದಿಸಿ, ಗಡ್ಡ ಕೆರೆದುಕೊಂಡರು. ತಪ್ಪು ಅವರಿಗೂ ಕಂಡಿತು. ಹೊಸ ಕಲಮು ಸೇರಿಸಿದರಾಯಿತು ಎಂದು ಅಪ್ಪ ಹೇಳಿದಾಗ ಹಿರಿಯ ಪಂಚರು ಎರಡೂ ಕೈ ಎತ್ತಿಬಿಟ್ಟರು.

"ಅಧಿಕ ಮಾಸದಾಗ ಹೊಸಾ ಕರಾರು ಬರೀತಾರೇನಪಾ ಯಾರರ? ಲಗ್ನ ಇಲ್ಲ, ಗೃಹಪ್ರವೇಶ ಇಲ್ಲ, ಕಾಗದನೂ ಇಲ್ಲ. ಅಧಿಕ ಮುಗೀಲಿ, ಬಂದು ಬರದುಕೊಡ್ತೀವಿ."

"ಮುಗಿದ ಮ್ಯಾಲ ಏನು ಬರೀತೀರಿ, ನನ್ನ ತಿಥೀನ?" ಎಂದಳು ಆಯಿ.

ಪಂಚರು ಚಪ್ಪಲಿ ಹುಡುಕತೊಡಗಿದರು. ಆಯಿ ಗಂಗಾಳವನ್ನು ಕಟ್ಟೆಯ ಮೇಲಿಟ್ಟು, ಸೆರಗು ಸಿಗಿಸಿ, ಗೋಡೆಯ ಪಕ್ಕ ಬಿದ್ದಿದ್ದ ಕಲ್ಲುಗಳಲ್ಲಿ ಮೂರನ್ನು ಆರಿಸಿ ತಂದು ಬೇವಿನ ಗಿಡದ ಕೆಳಗೆ ಜೋಡಿಸಿದಳು.

"ಏನು ಮಾಡಾಕತ್ತೀ ಯವ್ವಾ?" ಎಂದ ದೊಡ್ಡಪ್ಪ.

"ಒಲಿ ಹೂಡಾಕತ್ತೀನಿ. ಗಿಡ ಇಬ್ಬರದೂ, ಒಬ್ಬರು ಬಳಸಿದರ ಇನ್ನೊಬ್ಬರು ತಡೀಬಾರ್ದು ಅಂತ ನಿಮ್ಮ ಕಾಗದಾನ ಹೇಳತೈತಿ. ತಿಂಗಳು ನಿಂದೂ ಅಲ್ಲ, ಅವಂದೂ ಅಲ್ಲ. ಹಂಗಾರ ನಂದು."

ಪಟವಾರಿ ಮೆಲ್ಲಗೆ ಕಾಗದ ಮಡಚಿದ.

ಒಲೆ ಆಯಿತು, ಹಿಟ್ಟೆಲ್ಲಿ? ಆಯಿ ನಮ್ಮನ್ನೆಲ್ಲ ಕರೆದಳು. ಎರಡು ಮನೆಗೂ ಸೇರಿ ಏಳೆಂಟು ಮಕ್ಕಳಿದ್ದೆವು. "ಹೋಗ್ರಿ, ಒಬ್ಬೊಬ್ಬರು ಒಂದೊಂದು ಹಿಡಿ ಹಿಟ್ಟು ತರ್ರಿ. ಕೇಳಿ ತರ್ರಿ, ಕದ್ದು ತರಬ್ಯಾಡ್ರಿ." ನಾನು ಅವ್ವನ ಮುಂದೆ ಅಂಗೈ ಹಿಡಿದು ನಿಂತೆ. ಅವ್ವ ನನ್ನನ್ನು ನೋಡಿದಳು, ಅಂಗಳ ನೋಡಿದಳು. ಆಯಿಗೆ ಕೊಡಬೇಕೆಂದು ಯಾವ ಕಲಮೂ ಹೇಳುತ್ತಿರಲಿಲ್ಲ. ಮಗಳಿಗೆ ಕೊಡಬಾರದೆಂದು ಯಾವ ಕಲಮೂ ಹೇಳುತ್ತಿರಲಿಲ್ಲ. ಬಾಯಿ ಬಿಗಿದುಕೊಂಡೇ ಹಿಟ್ಟು ಹಾಕಿದಳು, ಒಂದು ಹಿಡಿಗಿಂತ ಹೆಚ್ಚೇ ಹಾಕಿದಳು. ದೊಡ್ಡವ್ವನ ಮನೆಯಲ್ಲೂ ಇದೇ ನಡೆದಿರಬೇಕು, ಅಕ್ಕ ಮಡಿಲು ತುಂಬಿಕೊಂಡು ಬಂದಳು.

ಆ ತಿಂಗಳಿನಂಥ ತಿಂಗಳು ನನ್ನ ಬಾಳಿನಲ್ಲಿ ಮತ್ತೆ ಬರಲಿಲ್ಲ. ಬೇಸಿಗೆಯ ಬಿಸಿಲಲ್ಲಿ ಬೇವಿನ ನೆರಳು, ಆಯಿಯ ರೊಟ್ಟಿ ಬಡಿಯುವ ಸಪ್ಪಳ, ಹಸಿ ಉಳ್ಳಾಗಡ್ಡಿ, ಝುಣಕ. ಗಂಗಾಳ ಒಂದೇ, ಅದರ ಸುತ್ತ ನಾವೆಲ್ಲ. ಎರಡು ಮನೆಯ ಹಿಟ್ಟು ನಾದುವ ಒಂದೇ ಕೊಣಮಿಗೆಯಲ್ಲಿ ಬೆರೆತು ರೊಟ್ಟಿಯಾಗುತ್ತಿತ್ತು. ಕಿನ್ನಾಳದ ಬೊಂಬೆಯೂ ಕಟ್ಟೆಯ ಮೇಲೆ ಬಂದು ಕೂತಿತು. ಅದರ ಪಾಳಿಯ ಬಗ್ಗೆ ನಾನೂ ಅಕ್ಕನೂ ಚಕಾರ ಎತ್ತಲಿಲ್ಲ. ಆಯಿ ಒಲೆ ಊದುತ್ತಲೇ ಕಥೆ ಹೇಳುವಳು, ಹೊಗೆಗೆ ಕೆಮ್ಮುವಳು, ನಡುವೆ ಕಥೆ ಮರೆತು ನಮ್ಮನ್ನೇ ಕೇಳುವಳು. ತೌರುಮನೆ ಬಿಟ್ಟ ಮೇಲೆ ತನ್ನದೇ ಅಂತ ಒಲೆ ಹಚ್ಚಿದ್ದು ಇದೇ ಮೊದಲು ಎಂದು ಒಂದು ದಿನ ಅಂದಳು. ಆಗ ಅದು ನನಗೆ ತಿಳಿಯಲಿಲ್ಲ. ನಾನೂ ಅತ್ತೆಯ ಮನೆ, ಗಂಡನ ಮನೆ, ಮಗನ ಮನೆ ಎಂದು ದಾಟುತ್ತ ಬಂದ ಮೇಲೆ ತಿಳಿಯಿತು.

ಆಮೇಲೆ ಒಂದು ಸಂಜೆ ಗಾಳಿ ಎದ್ದು ಮಳೆ ಬಂತು. ವರ್ಷದ ಮೊದಲನೆಯ ದೊಡ್ಡ ಮಳೆ. ಎರಡೂ ಬಾಗಿಲು ಒಮ್ಮೆಗೇ ತೆರೆದವು. ಈ ಕಡೆಯಿಂದ ಅವ್ವ, ಆ ಕಡೆಯಿಂದ ದೊಡ್ಡವ್ವ, "ಒಳಗ ಬರ್ರಿ ಅತ್ತೀ, ಒಳಗ ಬರ್ರಿ!" ಎಂದು ಕೂಗಿದರು. ಆಯಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಗಿಡದ ಬುಡಕ್ಕೆ ಆತು ಕೂತಳು. ಒಲೆಯ ಮೇಲೆ ಗಂಗಾಳ ಬೋರಲು ಹಾಕಿದಳು. "ಯಾರ ಮನೀಗೆ ಬರ್ಲಿ? ಯಾರದ ಪಾಳಿ?" ಎಂದು ಕೇಳಿ, ನೀರು ಇಳಿಯುವ ಮುಖದಲ್ಲೇ ನಕ್ಕಳು.

ಮೊದಲು ಇಳಿದವನು ಅಪ್ಪ. ಕೊಟ್ಟಿಗೆಯಿಂದ ಗಳ ತಂದ. ದೊಡ್ಡಪ್ಪ ದಂಟಿನ ಹೊರೆ ಹೊತ್ತು ಬಂದ. ಒಬ್ಬರ ಮುಖ ಒಬ್ಬರು ನೋಡದೆ ಹಂದರ ಹಾಕತೊಡಗಿದರು. ಆದರೆ ಗಾಳಿಯಲ್ಲಿ ಒಬ್ಬನೇ ಗಳ ನಿಲ್ಲಿಸುವುದು ಆಗುವ ಮಾತೇ? "ಆ ಕಡೆ ಹಿಡಿ," ಎಂದ ದೊಡ್ಡಪ್ಪ. "ಹಿಡದೀನಿ, ನೀ ಹಗ್ಗ ಬಿಗಿ," ಎಂದ ಅಪ್ಪ. ಪಾಲಾದ ಮೇಲೆ ಅವರಿಬ್ಬರೂ ಪಂಚರ ಮೂಲಕವಲ್ಲದೆ ಆಡಿದ ಮೊದಲ ಮಾತು ಅದು. ಮರುದಿನದಿಂದ ಇಬ್ಬರೂ ಹೊಲಕ್ಕೆ ಹೋಗುವ ಮುಂಚೆ ಹಂದರದ ಕೆಳಗೆ ಬಂದು, ಆ ತುದಿಗೊಬ್ಬ ಈ ತುದಿಗೊಬ್ಬ ಕೂತು, ಆಯಿಯ ಕೈಯ ಬಿಸಿ ರೊಟ್ಟಿ ತಿಂದು ಹೋಗುತ್ತಿದ್ದರು. ಮಾತು ಹೆಚ್ಚೇನೂ ಬೆಳೆಯಲಿಲ್ಲ. ಉಪ್ಪಿನಕಾಯಿಯ ಭರಣಿ ಮಾತ್ರ ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತು.

ಅಧಿಕ ಮುಗಿಯಿತು. ಆಡಿದ ಮಾತಿನಂತೆ ಪಂಚರು ಬಂದರು. ಮುಂದೆ ಅಧಿಕ ಬಂದರೆ ಅರ್ಧ ಅವನು, ಅರ್ಧ ಇವನು ಎಂದು ಬರೆಯಲು ಪಟವಾರಿ ದೌತಿಯಲ್ಲಿ ಲೇಖನಿ ಅದ್ದಿದ. ಆಯಿ ಎದ್ದು ಬಂದು ಕಾಗದದ ಮೇಲೆ ಅಂಗೈ ಇಟ್ಟಳು.

"ಬರೀಬ್ಯಾಡ್ರಿ."

"ಬರೀಲಿಲ್ಲಂದ್ರ ಮತ್ತ ಜಗಳ ಆಗ್ತೈತಿ, ಅವ್ವಾರ," ಎಂದ ಪಟವಾರಿ.

"ಎಲ್ಲಾ ಕಲಮು ನೀವ ಬರದ್ರಿ, ನಾ ಸುಮ್ನ ಕುಂತಿದ್ನಿ. ನನ್ನ ಉಣ್ಣೂದು ಬರದ್ರಿ, ಸಾಯೂದು ಬರದ್ರಿ. ಇದೊಂದು ಬಿಡ್ರಿ. ನಿಮ್ಮ ಕಾಗದದಾಗ ನನಗಂತ ಉಳದಿದ್ದು ಇದೊಂದ ಜಾಗಾ."

ಹಿರಿಯ ಪಂಚರು ಪಟವಾರಿಗೆ ದೌತಿ ಮುಚ್ಚಲು ಹೇಳಿದರು. ಆಯಿ ಗಂಗಾಳ ಎತ್ತಿಕೊಂಡು, ಇನ್ನು ನಿಜ ಜ್ಯೇಷ್ಠವಲ್ಲವೇ, ದೊಡ್ಡಪ್ಪನ ಮನೆಯೊಳಗೆ ಹೋದಳು. ಮೂರು ಕಲ್ಲನ್ನು ಯಾರೂ ತೆಗೆಯಲಿಲ್ಲ.

ಆಮೇಲೆ ನಾವು ಮಕ್ಕಳು ಹಬ್ಬಕ್ಕಲ್ಲ, ಅಧಿಕಕ್ಕೆ ಕಾಯತೊಡಗಿದೆವು. ಯುಗಾದಿಯ ದಿನ ಅಯ್ಯನವರು ಪಂಚಾಂಗ ಬಿಚ್ಚಿದರೆ ಮಳೆ ಬೆಳೆ ಬಿಟ್ಟು, "ಈ ವರ್ಷ ಅಧಿಕ ಐತೇನ್ರಿ?" ಎಂದು ಮೊದಲು ಕೇಳುತ್ತಿದ್ದೆವು. ಅವರಿಗೆ ನಗು. ಇನ್ನೆರಡು ಸಲ ಬಂತು. ಎರಡನೆಯ ಸಲ ಹಿಟ್ಟು ಕೇಳಲು ನಾವು ಹೋಗಬೇಕಾಗಲಿಲ್ಲ, ಸೊಸೆಯರೇ ತಂದರು. ಮೂರನೆಯ ಸಲ ಆಯಿಗೆ ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. ಅವ್ವ ಹಿಟ್ಟು ಕಲಸಿದಳು, ದೊಡ್ಡವ್ವ ರೊಟ್ಟಿ ಬಡಿದಳು. ಆಯಿ ಕಟ್ಟೆಯ ಮೇಲೆ ಕೂತು ಇಬ್ಬರಿಗೂ ತಪ್ಪು ಹೇಳುವ ಕೆಲಸ ಇಟ್ಟುಕೊಂಡಳು.

ಅದೇ ವರ್ಷ ಕೊನೆಗೆ ನಿಜಾಮರಿಗೂ ದಿಲ್ಲಿಯವರಿಗೂ ಒಂದು ಕರಾರು ಆಗಿದೆಯಂತೆ, ಒಂದು ವರ್ಷ ಎಲ್ಲಾ ಇದ್ದಂತೆಯೇ ಇರಬೇಕಂತೆ ಎಂದು ಗಂಗಾವತಿಯ ಸಂತೆಗೆ ಹೋದವರು ಸುದ್ದಿ ತಂದರು. ಚಾವಡಿಯಲ್ಲಿ ಅದೇ ಮಾತು. "ಅದರಾಗ ಅಧಿಕ ಯಾರ ಪಾಳಿ ಅಂತ ಬರದಾರೇನು ಕೇಳ್ರಿ," ಎಂದು ಅಪ್ಪ ಅಂದನಂತೆ. ನಮ್ಮೂರಿನವರು ನಕ್ಕರಂತೆ, ಹೊರಗಿನವರಿಗೆ ಅರ್ಥವಾಗಲಿಲ್ಲವಂತೆ. ನಮ್ಮ ದೇಶಕ್ಕೆ ಸಂವಿಧಾನ ಬಂದು, ನನ್ನ ಮಕ್ಕಳು ಅದರ ವಿಧಿಗಳನ್ನು ಪರೀಕ್ಷೆಗೆ ಗಟ್ಟು ಹೊಡೆಯುವಾಗ ನನಗೂ ಇದೇ ಮಾತು ನೆನಪಾಗುತ್ತಿತ್ತು. ಎಷ್ಟು ಜಾಣರು ಕೂತು ಎಷ್ಟು ಬಿಗಿಯಾಗಿ ಬರೆದರೂ ಎಲ್ಲೋ ಒಂದು ಅಧಿಕ ಮಾಸ ಉಳಿದೇ ಇರುತ್ತದೆ. ಅದು ಬಂದ ದಿನ ಕಾಗದ ಸುಮ್ಮನಾಗುತ್ತದೆ, ಮನುಷ್ಯರೇ ಮಾತಾಡಬೇಕಾಗುತ್ತದೆ.

ಆ ಚಳಿಗಾಲ ನಮ್ಮ ಸೀಮೆಯ ಜನ ನಿಜಾಮರ ಕಡೆಯ ಪುಂಡರಿಗೆ ಹೆದರಿ ಗಂಟು ಕಟ್ಟಿಕೊಂಡು, ಗಡಿ ದಾಟಿ ಗದಗಿನ ಕಡೆ ಹೋಗುತ್ತಿದ್ದ ಕಾಲ. ನನ್ನ ಮದುವೆಯಾಗಿತ್ತು, ಗಂಡನ ಮನೆ ಕುಷ್ಟಗಿಯ ಹತ್ತಿರ. ಎಳ್ಳ ಅಮಾವಾಸ್ಯೆಗೆಂದು ತವರಿಗೆ ಬಂದಿದ್ದೆ. ಹಬ್ಬದ ಮರುದಿನ ಪುಷ್ಯ ಹುಟ್ಟಿತು, ನಮ್ಮ ಪಾಳಿ. ಆಯಿಗೆ ನಡೆಯಲು ಆಗುತ್ತಿರಲಿಲ್ಲ. ನಾನು ಗಂಗಾಳ ಹಿಡಿದೆ, ಅಕ್ಕನೂ ಬಂದಿದ್ದಳು, ಅವಳು ಕೌದಿ ಹಿಡಿದಳು, ಆಯಿಯನ್ನು ನಡುವೆ ಆನಿಸಿಕೊಂಡು ಅಂಗಳ ದಾಟಿಸಿದೆವು. ಗಿಡದ ಹತ್ತಿರ ನಿಂತು ಮೂರು ಕಲ್ಲು ನೋಡಿದಳು. "ಅಧಿಕ ಎಂದು ಬರತೈತಿ?" ಎಂದಳು. ಇನ್ನೂ ಎರಡು ವರ್ಷ ದಾಟಬೇಕೆಂದು ನಮಗೆ ಗೊತ್ತಿತ್ತು. "ಬರತೈತಿ ತಗೋ ಆಯಿ," ಎಂದಳು ಅಕ್ಕ.

ಕೆಲವೇ ದಿನಕ್ಕೆ ಒಂದು ಮುಂಜಾನೆ, ನಮ್ಮ ಪಡಸಾಲೆಯಲ್ಲಿ, ಆಯಿ ತೀರಿಕೊಂಡಳು.

ಅಳು ಕೇಳಿ ಊರು ಬಂತು. ಅಪ್ಪ ಎದ್ದು, ಕಣ್ಣೊರೆಸಿಕೊಂಡು, ಸಲಿಕೆ ಗುದ್ದಲಿ ಹೊಂದಿಸತೊಡಗಿದ. ಅಷ್ಟರಲ್ಲಿ ದೊಡ್ಡಪ್ಪ ಅಂಗಳ ದಾಟಿ ಬಂದು ನಮ್ಮ ಹೊಸ್ತಿಲಾಚೆ ನಿಂತ. ಮನೆ ಎರಡಾದ ಮೇಲೆ ಅವನು ಆ ಹೊಸ್ತಿಲು ತುಳಿದಿರಲಿಲ್ಲ. ಅಪ್ಪ ಬಾಗಿಲಿಗೆ ಅಡ್ಡ ನಿಂತ.

"ಕಲಮು ನೀನ ಬರಸೀದಿ, ಅಣ್ಣಾ. ಯಾರ ಪಾಳ್ಯಾಗ ತೀರತಾಳ, ಅವರ ಮಣ್ಣು ಮಾಡಬೇಕು. ಇನ್ನೊಬ್ಬರಿಗೆ ಸಂಬಂಧ ಇಲ್ಲ. ಪುಷ್ಯ ನಂದು."

ಅಷ್ಟು ಬಿಗಿ ಮನುಷ್ಯ ದೊಡ್ಡಪ್ಪ, ತಲೆಯ ಪಟಗ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇವತ್ತೊಂದು ದಿನ ಅಧಿಕ ಅಂತ ತಿಳಕೋ ತಮ್ಮಾ," ಎಂದ.

ಅಪ್ಪ ಬಾಗಿಲು ಬಿಟ್ಟು ಸರಿದ.

ಇಬ್ಬರೂ ಸೇರಿ ಆಯಿಯನ್ನು ಎತ್ತಿ ತಂದು ಬೇವಿನ ಕಟ್ಟೆಯ ಮೇಲೆ, ಅವಳು ಮಳೆಯಲ್ಲಿ ನಕ್ಕು ಕೂತಿದ್ದ ಜಾಗದಲ್ಲೇ, ಗಿಡಕ್ಕೆ ಆನಿಸಿ ಕೂಡಿಸಿದರು. ಸಂಜೆ ಮಣ್ಣು ಕೊಟ್ಟು ಬಂದ ಮೇಲೆ ಓಣಿಯವರು ತಂದ ರೊಟ್ಟಿಯನ್ನು ಎರಡು ಮನೆಯವರೂ ಆ ಮೂರು ಕಲ್ಲಿನ ಸುತ್ತ ಕೂತು ತಿಂದೆವು. ಗಂಗಾಳವನ್ನು ಯಾರ ಮನೆಯೊಳಗೆ ಒಯ್ಯಬೇಕೆಂದು ಯಾವ ಕಲಮಿನಲ್ಲೂ ಇರಲಿಲ್ಲ. ಅದು ಕಟ್ಟೆಯ ಮೇಲೆಯೇ ಉಳಿಯಿತು.